ಠರಾವಿಲ್ಲದ ಡಂಗುರ

ನಾನು ಪುರಸಭೆಯಲ್ಲಿ ಕಾರಕೂನನಾಗಿದ್ದಾಗ ಡಂಗುರ ಸಾರಲು ಒಬ್ಬನಿದ್ದ. ಹುಚ್ಚುನಾಯಿ ಬಂದಿದೆ, ನೀರು ಕಾಸಿ ಕುಡಿಯಿರಿ ಎಂಬುದೆಲ್ಲ ಊರಿಗೆ, ಪಕ್ಕದ ಹಳ್ಳಿ ಹರ್ತಿಯಿಂದ ಸಂತೆಗೆ ಬಂದವರಿಗೂ, ಅವನ ಬಾಯಿಂದಲೇ ತಿಳಿಯಬೇಕು. ಹೊರಡುವ ಮೊದಲು ಹಲಗೆಯ ಚರ್ಮವನ್ನು ಹುಲ್ಲುಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದ. "ಠರಾವು ಪಾಸ್ ಆಗೇತೇನ್ರಿ?" ಎಂದು ಕೇಳದೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲ.

ಏಕೀಕರಣವಾದ ವರ್ಷ ಸಭೆಯ ಕೋಣೆಯ ಮೇಲಿನ ಮಣ್ಣಿನ ಮಾಳಿಗೆ ಬಾಗಿತು. ಹೊಸ ಸರಕಾರಕ್ಕೆ ಕಳಿಸುವ ಅಭಿನಂದನೆಯಲ್ಲಿ ಯಾರ ಹೆಸರು ಮೊದಲು ಎಂಬ ಜಗಳದಲ್ಲಿ ಮಾಳಿಗೆಯ ವಿಷಯ ಪ್ರತಿ ಸಲವೂ ಮುಂದಿನ ಸಭೆಗೆ ಹೋಗುತ್ತಿತ್ತು. ಒಂದು ದಿನ ಸಭೆ ನಡೆದಾಗಲೇ ತೊಲೆ ಲಟಕ್ಕೆಂದಿತು. ಅವನು ಬಾಗಿಲಲ್ಲೇ ನಿಂತು ಹಲಗೆ ಬಡಿದ.

"ಕೇಳ್ರಪೋ ಕೇಳ್ರಿ! ಮಾಳಗಿ ಬೀಳಾಕ ಹತ್ತೇತಿ, ಒಳಗಿದ್ದಾವ್ರು ಜಲ್ದಿ ಹೊರಗ ಬರ್ರಿ!"

ಸದಸ್ಯರು ಧೋತರ ಎತ್ತಿ ಹಿಡಿದು ಓಡಿಬಂದರು. ಅಂಗಳದಲ್ಲಿ ಉಸಿರು ತಿರುಗಿದ ಮೇಲೆ ಅಧ್ಯಕ್ಷರು ಕೆಂಡವಾದರು. "ಠರಾವಿಲ್ಲದ ಡಂಗುರ ಹೊಡಿಯಾಕ ನಿನಗ ಯಾರ ಹೇಳಿದ್ರಲೇ?"

ಅವನನ್ನು ಕೆಲಸದಿಂದ ತೆಗೆಯುವ ಠರಾವು ಮಾಡಲು ಎಲ್ಲರೂ ಮತ್ತೆ ಅದೇ ಮಾಳಿಗೆಯ ಕೆಳಗೆ ಹೋಗಿ ಕುಳಿತರು.

ಹೊರಗೆ ಅವನು ಹಲಗೆ ಕಾಸುತ್ತಿದ್ದ. "ಇನ್ನ ಯಾಕಪಾ?" ಎಂದೆ.

"ನನ್ನ ತೆಗದದ್ದು ಊರಿಗೆ ಗೊತ್ತಾಗಬೇಕಲ್ರಿ? ಠರಾವು ಪಾಸ್ ಆದ್ರ ಸಾರಾಂವ ನಾನ ಅಲ್ಲೇನ್ರಿ?"