ಎಂಟು ಸಲ ಮುಳುಗದ ರೇಷ್ಮೆಗೂಡು

ನಾನು ಚಿಕ್ಕವನಿದ್ದಾಗ, ಅಂದರೆ ಮೀಸೆ ಮೂಡುವುದಕ್ಕೆ ಐದು ವರ್ಷ ಮೊದಲು, ನಡೆದದ್ದನ್ನು ಹೇಳಿದರೆ ನೀವು ಖಂಡಿತ ನಂಬುವುದಿಲ್ಲ. ಕಬ್ಬಾಳಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಒಬ್ಬರೇ ಮೇಷ್ಟ್ರು. ಆ ಮೇಷ್ಟ್ರು ನಮ್ಮ ಅಪ್ಪ. ಗೇಟಿನೊಳಗೆ ಕಾಲಿಟ್ಟರೆ ನಾನೂ ಅವರನ್ನು ‘ಸಾರ್’ ಎನ್ನಬೇಕಿತ್ತು. ಒಮ್ಮೆ ಮರೆತದ್ದಕ್ಕೆ ಕಿವಿ ಹಿಂಡಿದರು ನೋಡಿ, ಅದು ಆನೆಕಿವಿಯಷ್ಟು ಊದಿ ಮೂರು ದಿನ ನಾನು ಬಾಗಿಲಲ್ಲಿ ಅಡ್ಡಡ್ಡವಾಗಿ ನುಸುಳಿದೆ.

ಆ ವರ್ಷ ಅಪ್ಪ ಗಣಿತ, ವಿಜ್ಞಾನದ ತರಬೇತಿಗೆಂದು ಐದು ದಿನ ಕನಕಪುರಕ್ಕೆ ಹೋದರು. ಶಾಲೆಗೆ ಬೀಗ ಬಿತ್ತು. ಅಷ್ಟರಲ್ಲೇ ಇಬ್ಬರು ಹಳದಿ ವ್ಯಾನು ಹತ್ತಿ ಕಾನ್ವೆಂಟು ಸೇರಿಬಿಟ್ಟರು.

"ಇನ್ನೊಂದ್ ಮಗ ಹೋದ್ರೂ ಶಾಲೆ ಮುಚ್ಬುಡ್ತಾರೆ ಕಣವ್ವ," ಎಂದು ಅಪ್ಪ ಅಕ್ಕನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ತರಬೇತಿ ಕೊಟ್ಟ ಮೇಡಂ ಪಾಠ ನೋಡಲು ಬರುವವರಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಅಪ್ಪನಿಗೆ ಮತ್ತೆ ತರಬೇತಿ, ಶಾಲೆಗೆ ಮತ್ತೆ ಬೀಗ.

ಮಕ್ಕಳು ಮೊದಲು ತಪ್ಪೋ ಸರಿಯೋ ಊಹಿಸಲಿ, ಆಮೇಲೆ ಮಾಡಿ ನೋಡಿ ತಾವೇ ಕಂಡುಕೊಳ್ಳಲಿ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಅಪ್ಪ ಯಾರು ಯಾವ ತಪ್ಪು ಊಹಿಸಬೇಕೆಂದು ಹಂಚಿಕೊಟ್ಟು, ಎಂಟು ಸಲ ಅಭ್ಯಾಸ ಮಾಡಿಸಿದರು! ಒಂದು ಬಕೆಟ್ ನೀರು, ಕಲ್ಲಿನ ಚೂರು, ರೇಷ್ಮೆಗೂಡು. ಗೂಡು ಮುಳುಗುತ್ತದೆ ಎನ್ನುವುದು ನನ್ನ ಪಾಲಿನ ತಪ್ಪು. ಅದು ತೇಲಿದಾಗ ನಾನು ಬೆರಗಾಗಬೇಕು.

"ಒಸಿ ಕಮ್ಮಿ ಬಾಯ್ಬುಡ್ಲಾ, ನೊಣ ಒಳಕ್ ಹೋಯ್ತದೆ," ಎಂದು ಅಪ್ಪ ಗದರಿದರು. ನೊಣವೇನು, ಗುಬ್ಬಚ್ಚಿಯ ಸಂಸಾರವೇ ಇಳಿಯುವಷ್ಟು ಬಾಯಿ ತೆರೆಯುತ್ತಿದ್ದೆ.

ಮೇಡಂ ಬಂದು ಹಿಂದೆ ಚಾಪೆಯ ಮೇಲೆ ಕೂತರು. ಬಿಸಿಯೂಟದ ಸಾರಿನ ವಾಸನೆ ಕೋಣೆ ತುಂಬಿತ್ತು. ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವರು ಗೂಡನ್ನು ಕೈಗೆತ್ತಿಕೊಂಡರು, ಇನ್ನೂ ನೀರಿಗೆ ಬಿಟ್ಟಿರಲಿಲ್ಲ. ಮೆರೆಯುವ ಆತುರದಲ್ಲಿ ನಾನು ಎದ್ದು ಕೂಗಿಬಿಟ್ಟೆ: "ಅಯ್ಯೋ ಸಾರ್! ಮುಳುಗ್ಲೇ ಇಲ್ವಲ್ಲಾ!"

ಉಳಿದ ಎಂಟು ಮಂದಿ ತಮ್ಮ ಸರದಿ ಬಂತೆಂದು ಜೋರಾಗಿ ಚಪ್ಪಾಳೆ ತಟ್ಟಿದರು. ಮೇಡಂ ನಗಲಿಲ್ಲ.

"ಎಷ್ಟು ಸಲ ಮಾಡಿಸಿದ್ದೀರಿ ಸಾರ್?"

ಅಪ್ಪ ಸುಳ್ಳು ಹೇಳಬಹುದಿತ್ತು. "ಎಂಟು ಸಲ ಮೇಡಂ. ಮಕ್ಕಳು ನಿಮ್ಮ ಮುಂದೆ ಸೋಲಬಾರ್ದು ಅಂತ."

"ಸೋಮವಾರ ಇನ್ನೊಂದು ಬ್ಯಾಚ್ ಶುರುವಾಗುತ್ತೆ. ಬಂದುಬಿಡಿ," ಎಂದರು ಮೇಡಂ, ಮೆತ್ತಗೆ.

ಮೂರನೇ ಕ್ಲಾಸಿನ ಹುಡುಗಿಯ ತಂದೆ ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಆ ಮಾತು ಅವರಿಗೂ ಕೇಳಿಸಿತು. ಚಪ್ಪಲಿ ಬಿಟ್ಟು ಒಳಗೆ ಬಂದರು.

"ಮತ್ತೆ ಬೀಗವಾ ಮೇಷ್ಟ್ರೇ? ನಿಮ್ ಮ್ಯಾಲೆ ನಂಗೇನ್ ಕ್ವಾಪ ಇಲ್ಲ. ಮಗೀದು ಟೀಸಿ ಕೊಟ್ಬುಡಿ."

ಮಗಳ ಕೈ ಹಿಡಿದು ಎಬ್ಬಿಸಿದರು. ಅಪ್ಪ ಟೀಸಿ ಪುಸ್ತಕ ತೆಗೆದು ಬರೆಯತೊಡಗಿದರು. ಮುಂದಿನ ಜೂನಿನಲ್ಲಿ ನಮ್ಮ ಶಾಲೆ ತೆರೆಯಲಿಲ್ಲ.

ಪುಟಾಣಿಗಳೇ, ಈಗ ನೀವು ಪರದೆಗೆ ಬೆರಳು ತಾಗಿಸಿದರೆ ಗ್ರಹಗಳೆಲ್ಲ ತಿರುಗುತ್ತವೆ. ಪಾಠಕ್ಕೊಬ್ಬರು ಮೇಷ್ಟ್ರು. ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರು ಬರುತ್ತಾರೆ. ನಮಗೆ ಇದ್ದವರು ಒಬ್ಬರೇ. ಅವರು ಕಲಿಯಲು ಹೋದರೆ ನಮಗೆ ಕಲಿಸುವವರು ಯಾರೂ ಇರಲಿಲ್ಲ.