ನಮ್ಮ ಅಂಗಳದ ಬೇವಿನ ತುದಿ

ವಿಮಾನ ಇಳಿಯುವ ದಾರಿಗೆ ಅಡ್ಡ ಬರುವುದನ್ನೆಲ್ಲ ಅಳೆಯುವುದು ನನ್ನ ಕೆಲಸ. ಮರ, ಕಂಬ, ನೀರಿನ ಟ್ಯಾಂಕು, ಮೊಬೈಲ್ ಟವರ್ ಯಾವುದನ್ನೂ ಬಿಡುವಂತಿಲ್ಲ. ರನ್‌ವೇಯಿಂದ ದೂರ ಹೋದಂತೆ ಇಷ್ಟಿಷ್ಟೇ ಏರುವ ಒಂದು ಗೆರೆ ನಮ್ಮ ಲೆಕ್ಕದಲ್ಲಿರುತ್ತದೆ. ಅದನ್ನು ದಾಟಿ ಬೆಳೆದದ್ದು ತಗ್ಗಬೇಕು. ಆ ಸಲ ಸೇಡಂ ರಸ್ತೆಯ ಕಡೆ, ಊರು ಮುಗಿದು ಹೊಲ ಶುರುವಾಗುವಲ್ಲಿ, ಗೆರೆ ದಾಟಿದ್ದ ಮರಗಳಲ್ಲಿ ನಮ್ಮ ಅಂಗಳದ ಬೇವೂ ಒಂದು.

ಅದು ಅಪ್ಪ ನೆಟ್ಟದ್ದು. ಅಪ್ಪ ಹೋದ ಮೇಲೆ ಅವ್ವ ಅದರ ಒಂದು ರೆಂಬೆಗೂ ಕೊಡಲಿ ತಾಗಗೊಟ್ಟಿರಲಿಲ್ಲ. ತುದಿಯಷ್ಟೇ ತೆಗೆಯುವುದು, ಮರ ಉಳಿಯುತ್ತದೆ ಎಂದು ನಾನು ದಿನಾ ಕೇಳಿದೆ. "ಒಲ್ಲೆ ಅಂದ್ರ ಒಲ್ಲೆ" ಎಂದು ಒಳಗೆ ಹೋಗುತ್ತಿದ್ದಳು. ಉಳಿದವರೆಲ್ಲ ಒಪ್ಪಿದರು, ನಮ್ಮದೊಂದೇ ಬಾಕಿಯಾಯಿತು. "ಸ್ವಂತ ಮನಿ ಗಿಡಾ ತಗ್ಗಿಸಲಾರದಂವಾ ಊರ ಗಿಡಾ ಅಳೀಲಾಕ ಹೊಂಟಾನ" ಎಂದು ಕಚೇರಿಯಲ್ಲಿ ನಗಾಡಿದರು. ಇನ್ನೂ ತಡವಾದರೆ ಕೆಲಸ ನನ್ನ ಕೈತಪ್ಪಿ ಜೊತೆಗಾರನಿಗೆ ಹೋಗುವುದಿತ್ತು.

ಈ ಜೊತೆಗಾರ ಕಮಲಾಪುರದವನು. ಅವನನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುವ ಮನೆಗಳಲ್ಲಿ ಅವನಿಗೆ ಚಹಾ ಬರುತ್ತದೆ. ಉರ್ದು ಮಾತಾಡುವವರ ಮನೆಯಲ್ಲಿ ಉರ್ದು, ಕನ್ನಡದವರಲ್ಲಿ ಕನ್ನಡ. ಎಲ್ಲಿ ಹೋದರೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮುಗಿಸಿ ಬರುತ್ತಾನೆ.

ಒಂದು ಮಧ್ಯಾಹ್ನ ತನ್ನೂರಿನ ಕೆಂಪು ಬಾಳೆಹಣ್ಣು ಹಿಡಿದು ನಮ್ಮ ಮನೆಗೇ ಬಂದ. ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ತಾಟು ಮುಟ್ಟದೆ ಕೈಕಟ್ಟಿ ಕೂತ.

"ಉಣ್ಣೋ ತಮ್ಮಾ, ಆರ್ತದ" ಎಂದಳು ಅವ್ವ.

"ಬೇವಿನ ತುದಿಗೆ ಹೂಂ ಅನ್ರಿ ಅವ್ವಾರ, ಆಮ್ಯಾಲ ಉಣತೀನ್ರಿ."

ಎಂಥ ನಾಟಕ! ನಾನು ಹಲ್ಲು ಕಡಿದೆ. ಅವ್ವ ಒಲ್ಲೆ ಅನ್ನಲಿ ಎಂದು ಬೇಡಿಕೊಂಡೆ. ಮರ ತಗ್ಗದಿದ್ದರೆ ಕೆಡುವುದು ನನ್ನದೇ ಕೆಲಸ ಎಂಬುದೂ ಮರೆತುಹೋಗಿತ್ತು. ಅವ್ವ ಅಂಗಳದತ್ತ ನೋಡಿದಳು, ತಾಟಿನತ್ತ ನೋಡಿದಳು.

"ತುದಿ ಅಷ್ಟ ನೋಡು" ಎಂದಳು. ಅವನು ಕೇಳಿ ಕೇಳಿ ಹಾಕಿಸಿಕೊಂಡು ಉಂಡ.

ತುದಿ ಇಳಿಯಿತು, ಅಳತೆ ಸರಿಹೋಯಿತು. ಕಚೇರಿಯಲ್ಲಿ ಶಾಬಾಸ್ ಎಲ್ಲ ಅವನಿಗೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಮನೆಗೆ ಬಂದವನೇ ತಡೆಯಲಾರದೆ ಅವ್ವನನ್ನು ಕೇಳಿಬಿಟ್ಟೆ.

"ನಾ ಕೇಳಿದ್ರ ಒಲ್ಲೆ, ಅಂವ ಕೇಳಿದ್ರ ಹೂಂ. ಅಂವೇನು ನಿನ್ನ ಹೊಟ್ಟ್ಯಾಗ ಹುಟ್ಯಾನೇನು?"

ಅವ್ವ ಕಸ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ಹುಟ್ಟಿಲ್ಲ, ಅದಕ್ಕ ಹೂಂ ಅಂದೆ. ಮಂದಿ ಮಗ ಹಸಗೊಂಡು ತಾಟ ಬಿಟ್ಟು ಎದ್ದು ಹೋದ್ರ ಮನಿಗಿ ಒಳ್ಳೇದಲ್ಲ. ನಿನಗ ಒಲ್ಲೆ ಅಂದ್ರ ನೀ ಎಲ್ಲಿ ಹೋಗ್ತಿ?"

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದೇ ಒಂದು ದಿನ ನಾನೂ ಮಂದಿ ಮಗನಾಗಿ ನಮ್ಮ ಮನೆಯ ಬಾಗಿಲಿಗೆ ಬರಬೇಕು ಅನ್ನಿಸಿತು.