ಊಟದ ಹೊತ್ತಿನಲ್ಲಿ ಗ್ಯಾಸ್ ವಾಸನೆ

ಮುಂಬಯಿ ಫೋರ್ಟಿನ ನಮ್ಮ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಕುರ್ಚಿ ಖಾಲಿಯಾಗುವ ಮೊದಲೇ ಅದರ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ನಾನು ಅಲ್ಲಿ ಮ್ಯಾನೇಜರ್. ಗಂಡ ತೀರಿಕೊಂಡ ಮೇಲೆ ಹೋಟೆಲು ನಡೆಸುತ್ತಿದ್ದ ಯಜಮಾನ್ತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಂದು ಅವರ ಮಗ, ಹೋಟೆಲುಗಳ ವಿಡಿಯೋ ಮಾಡಿ ಹಾಕುವ ಹುಡುಗಿಯೊಬ್ಬಳನ್ನು ಕರೆಸಿದ್ದ. ಅವಳು ದೋಸೆಯ ಮುಂದೆ ಮೊಬೈಲ್ ಹಿಡಿದು ಕೂತಿದ್ದಳು.

ಅಡುಗೆಯ ಭಟ್ಟರು ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಕೈಬೀಸಿ ಕರೆದರು. ಒಳಗೆ ಕಾಲಿಡುತ್ತಲೇ ವಾಸನೆ ಮೂಗಿಗೆ ಹೊಡೆಯಿತು. ಸಿಲಿಂಡರಿನ ಪೈಪು ಬಿರಿದು ಬುಸ್ಸೆನ್ನುತ್ತಿತ್ತು.

"ಒಲೆ ಎಲ್ಲ ಆರಿಸಿದೆ. ಆದ್ರೆ ವಾಲ್ವ್ ತಿರುಗುದೇ ಇಲ್ಲ ಮಾರಾಯ್ರೆ."

ನನ್ನ ಬೆನ್ನಿಗೇ ಬಂದಿದ್ದ ಅಕ್ಕನ ಮಗ ಪಿಸುಗುಟ್ಟಿದ. "ಹೊರಗೆ ಗೊತ್ತಾಗ್ಬಾರ್ದು. ಆ ಹುಡುಗಿಯ ವಿಡಿಯೋ ವೈರಲ್ ಆದ್ರೆ ಹೋಟೆಲ್ ಖತಮ್. ಸ್ವಲ್ಪ ನೋಡುವ."

ಬಾಗಿಲಿಗೆ ಬಂದು ನಿಂತಿದ್ದ ಅಕ್ಕನಿಗೆ ಅದು ಕೇಳಿಸಿತ್ತು. ಅವರು ಅವನ ಕಡೆ ತಿರುಗಲೂ ಇಲ್ಲ. ನೇರ ಹಾಲಿನ ನಡುವೆ ಹೋಗಿ ನಿಂತು, ಊಟ ಬಿಟ್ಟು ಎಲ್ಲರೂ ಹೊರಗೆ ಹೋಗಿ, ಸ್ವಿಚ್ ಮುಟ್ಟಬೇಡಿ ಎಂದು ಹಿಂದಿಯಲ್ಲಿ ಕೂಗಿದರು: "ಗ್ಯಾಸ್ ಲೀಕ್ ಹೈ! ಖಾನಾ ಛೋಡೋ, ಸಬ್ ಬಾಹರ್! ಸ್ವಿಚ್ ಕೋ ಹಾಥ್ ಮತ್ ಲಗಾನಾ!"

ಕುರ್ಚಿಗಳು ಉರುಳಿದವು. ನಾನು ಮೇಲಿನ ಎ.ಸಿ. ಹಾಲಿಗೆ ಓಡಿದೆ. ಅಲ್ಲಿ ಮುಲುಂಡಿನಿಂದ ಬರುವ ವೃದ್ಧ ದಂಪತಿ ಮಾತ್ರ ಉಳಿದಿದ್ದರು. ಹೆಂಗಸು ಮೆಟ್ಟಿಲಿಳಿಯತೊಡಗಿದರು. ಅವರ ಗಂಡ ಮನೆಯ ಅಭ್ಯಾಸದಂತೆ ದೀಪ ಆರಿಸಲು ಸ್ವಿಚ್ಚಿನತ್ತ ಕೈಚಾಚಿದರು. ಹಾರಿ ಅವರ ಮಣಿಕಟ್ಟು ಹಿಡಿದೆ. ಅವರಿಗೆ ನೋವಾಗಿರಬೇಕು, ಬಿಡಲಿಲ್ಲ. ಆ ಇಕ್ಕಟ್ಟಾದ ಮೆಟ್ಟಿಲು ಇಳಿಯುವಾಗ ವಾಸನೆ ನಮ್ಮೆದುರೇ ಏರಿ ಬರುತ್ತಿತ್ತು.

ರಸ್ತೆಯಲ್ಲಿ ಜನ ಎಂಜಲು ಕೈಯಲ್ಲೇ ನಿಂತಿದ್ದರು. ಭಟ್ಟರು ಮಾತ್ರ ವಾಲ್ವ್ ತಿರುಗಿಸಲು ಹೆಣಗುತ್ತ ಇನ್ನೂ ಒಳಗಿದ್ದರು. ಅಕ್ಕ ಮತ್ತೆ ಒಳಹೊಕ್ಕು ಅವರನ್ನು ತೋಳು ಹಿಡಿದು ಎಳೆತಂದರು. "ಜೀವ ಇದ್ರೆ ಇನ್ನೊಂದು ಹೋಟೆಲ್ ಮಾಡುವ. ನಿಮಗೆಂತ ಹುಚ್ಚಾ?" ಎಂದು ಬೈದರು. ಕೊನೆಗೆ ಅಗ್ನಿಶಾಮಕ ದಳದವರು ಬಂದು ವಾಲ್ವ್ ಮುಚ್ಚಿದರು.

ಸಂಜೆಗೆ ಆ ಹುಡುಗಿ ತೆಗೆದ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಅಲ್ಲಿಗೆ ಹೋದರೆ ಜೀವಕ್ಕೇ ಅಪಾಯ ಎಂದು ನೋಡಿದವರು ಕೆಳಗೆ ಬರೆದಿದ್ದರು. ಪಕ್ಕದ ಆಫೀಸೊಂದು ತನ್ನ ದಿನದ ಊಟದ ಆರ್ಡರ್ ನಿಲ್ಲಿಸಿತು.

"ರಿಪೇರಿಗೆ ಬಂದ್ ಅಂತ ಬೋರ್ಡ್ ಹಾಕುವ ಅಮ್ಮ," ಎಂದ ಮಗ.

"ಸುಳ್ಳು ಯಾಕೆ? ಎಲ್ಲರೂ ನೋಡಿ ಆಗಿದೆಯಲ್ಲ," ಎಂದರು ಅಕ್ಕ.

ಅವರು ಹೇಳಿದ್ದನ್ನೇ ಮರಾಠಿ, ಇಂಗ್ಲಿಷಿನಲ್ಲಿ ಬರೆಸಿ ಶಟರಿಗೆ ಕಟ್ಟಿದೆ: ನಮ್ಮಲ್ಲಿ ಗ್ಯಾಸ್ ಸೋರಿತು. ಹಳೆಯ ಪೈಪು ಬದಲಿಸದೆ ಬಿಟ್ಟದ್ದು ನಮ್ಮ ತಪ್ಪು. ಎಲ್ಲ ಸರಿಪಡಿಸಿ, ತಪಾಸಣೆ ಮುಗಿದ ಮೇಲಷ್ಟೇ ಬಾಗಿಲು ತೆರೆಯುತ್ತೇವೆ.

ಹುಡುಗಿ ಆ ಬೋರ್ಡನ್ನೂ ವಿಡಿಯೋ ಮಾಡಿ ಹಾಕಿದಳು. ಆದರೆ ಅದನ್ನು ನೋಡಿದವರು ಕಡಿಮೆ. ಬಾಗಿಲು ತೆರೆದ ದಿನ ಅರ್ಧ ಹೋಟೆಲು ಖಾಲಿ. ಆ ಆಫೀಸಿನ ಆರ್ಡರ್ ಮತ್ತೆ ಬರಲೇ ಇಲ್ಲ. ಬಂದವರಲ್ಲಿ ಕೆಲವರು ಅಡುಗೆಮನೆಯೊಳಗೆ ಇಣುಕುತ್ತಿದ್ದರು. "ಇದೆಂತ ಮ್ಯೂಸಿಯಮ್ಮಾ?" ಎಂದು ಭಟ್ಟರು ಗೊಣಗಿದರು. ಅಕ್ಕನ ಮಗ ಎದ್ದು ಹೋಗಿ, ಇಣುಕುತ್ತಿದ್ದವರನ್ನು ಒಳಗೆ ಕರೆದು, ಹೊಸ ಪೈಪು, ವಾಲ್ವ್‌ಗಳನ್ನು ಒಂದೊಂದಾಗಿ ತೋರಿಸತೊಡಗಿದ.